ಈಥೈಲ್ ಅಸಿಟೇಟ್: ಹಣ್ಣಿನ ವಾಸನೆಯ ಎಸ್ಟರಿನ ಗುಣಗಳು ಮತ್ತು ಪ್ರಯೋಗಾಲಯದ ಉಪಯೋಗಗಳು

ಎರಡು ದ್ರವಗಳನ್ನು ಪಕ್ಕಪಕ್ಕ ಇಟ್ಟು ನೋಡೋಣ. ಎರಡರ ಅಣುವಿನಲ್ಲೂ 4 ಕಾರ್ಬನ್, 8 ಹೈಡ್ರೋಜನ್, 2 ಆಕ್ಸಿಜನ್; ಅಣುತೂಕ ಎರಡಕ್ಕೂ 88. ಮೊದಲನೆಯದು ಬ್ಯುಟನೋಯಿಕ್ ಆಮ್ಲ. ಅದಕ್ಕೆ ಕೆಟ್ಟುಹೋದ ಬೆಣ್ಣೆಯ ನಾತ, ಕುದಿಯುವುದು ಸುಮಾರು 164 ಡಿಗ್ರಿ ಸೆಲ್ಸಿಯಸ್‌ನಲ್ಲಿ. ಎರಡನೆಯದು ಈಥೈಲ್ ಅಸಿಟೇಟ್, ಆಮ್ಲವೂ ಆಲ್ಕೋಹಾಲೂ ಸೇರಿ ಆಗುವ ಎಸ್ಟರ್ ಎಂಬ ಬಗೆಯದು. ಮಾಗಿದ ಹಣ್ಣಿನ ಸಿಹಿ ವಾಸನೆ, 77 ಡಿಗ್ರಿಗೇ ಕುದಿಯುತ್ತದೆ. ಅವೇ ಪರಮಾಣುಗಳಿದ್ದೂ ಇಷ್ಟು ಅಂತರ ಏಕೆ ಎಂಬುದು ಅರ್ಥವಾದರೆ ಈ ಪಾಠದ ಅರ್ಧ ಭಾಗ ಮುಗಿದಂತೆಯೇ.

ಆಮ್ಲದಲ್ಲಿ ಆಕ್ಸಿಜನ್‌ಗೆ ಅಂಟಿಕೊಂಡ ಒಂದು ಹೈಡ್ರೋಜನ್ ಇದೆ. ಅದು ಪಕ್ಕದ ಅಣುವಿನ ಆಕ್ಸಿಜನ್ ಜೊತೆ ಹೈಡ್ರೋಜನ್ ಬಂಧ ಕಟ್ಟುವುದರಿಂದ ಅಣುಗಳು ಸುಲಭಕ್ಕೆ ಬಿಟ್ಟು ಹೋಗುವುದಿಲ್ಲ. ಎಸ್ಟರಿನಲ್ಲಿ ಆ ಹೈಡ್ರೋಜನ್ ಇರಬೇಕಾದ ಜಾಗದಲ್ಲಿ ಈಥೈಲ್ ಗುಂಪು ಕುಳಿತಿದೆ. ಹಾಗಾಗಿ ಅದರ ಅಣುಗಳು ತಮ್ಮತಮ್ಮೊಳಗೆ ಇಂಥ ಬಂಧ ಕಟ್ಟಲಾರವು. ಬೇಗ ಆವಿಯಾಗಿ ಮೂಗಿಗೆ ತಲುಪುತ್ತವೆ. ಆದರೆ ನೀರಿನಂಥ ಅಣು ಹೈಡ್ರೋಜನ್ ಚಾಚಿದರೆ ಎಸ್ಟರಿನ ಆಕ್ಸಿಜನ್ ಅದನ್ನು ಸ್ವೀಕರಿಸುತ್ತದೆ. ಕೊಡಲಾರದು, ಪಡೆಯಬಲ್ಲದು: ನಾನು ಹೀಗೆಯೇ ನೆನಪಿಟ್ಟುಕೊಂಡಿದ್ದೇನೆ.

ತಯಾರಿಕೆ ಎಲ್ಲರಿಗೂ ಗೊತ್ತಿರುವುದೇ. ಅಸಿಟಿಕ್ ಆಮ್ಲ (ವಿನೆಗರ್‌ನಲ್ಲಿರುವುದು) ಮತ್ತು ಎಥನಾಲ್‌ಗೆ ಕೆಲವು ಹನಿ ಪ್ರಬಲ ಸಲ್ಫ್ಯೂರಿಕ್ ಆಮ್ಲ ಹಾಕಿ, ಬಿಸಿನೀರಿನಲ್ಲಿಟ್ಟು ಕಾಯಿಸುವುದು. ಎಮಿಲ್ ಫಿಷರ್ ಮತ್ತು ಆರ್ಥರ್ ಸ್ಪೈಯರ್ 1895ರಲ್ಲಿ ಪ್ರಕಟಿಸಿದ ವಿಧಾನವಿದು. ಇದು ಎರಡೂ ದಿಕ್ಕಿಗೆ ಸಾಗುವ ಕ್ರಿಯೆ, ಸಮತೋಲನ ಸ್ಥಿರಾಂಕ (ಕೊನೆಗೆ ಉಳಿಯುವ ಎಸ್ಟರ್ ಮತ್ತು ನೀರಿನ ಗುಣಲಬ್ಧವನ್ನು ಆಮ್ಲ ಮತ್ತು ಎಥನಾಲ್‌ನ ಗುಣಲಬ್ಧದಿಂದ ಭಾಗಿಸಿದ್ದು) ಸುಮಾರು 4. ಒಂದೊಂದು ಮೋಲ್ ತೆಗೆದುಕೊಂಡರೆ ಮೂರನೇ ಎರಡು ಭಾಗ ಮಾತ್ರ ಎಸ್ಟರ್ ಆಗುತ್ತದೆ. ಲೆಕ್ಕ ಹಾಕಿ ನೋಡಿ, ಒಂದೇ ಸಾಲಿನಲ್ಲಿ ಬರುತ್ತದೆ. ಹೆಚ್ಚು ಬೇಕೆಂದರೆ ಒಂದು ಘಟಕವನ್ನು ಧಾರಾಳವಾಗಿ ಹಾಕಬೇಕು, ಇಲ್ಲವೇ ಉತ್ಪನ್ನವನ್ನು ಹೊರತೆಗೆಯುತ್ತಿರಬೇಕು. ಕಾಯಿಸಿದ ಮಿಶ್ರಣದಲ್ಲಿ ಮೊದಲು ವಿನೆಗರ್ ಘಾಟೇ ಮುಂದಾಗಿರುತ್ತದೆ. ಅದನ್ನು ಸೋಡಿಯಂ ಕಾರ್ಬೊನೇಟ್ ದ್ರಾವಣಕ್ಕೆ ಸುರಿದಾಗ ನೊರೆಯುಕ್ಕಿ, ಉಳಿದ ಆಮ್ಲ ಲವಣವಾಗಿ, ಅದರಡಿ ಅಡಗಿದ್ದ ಹಣ್ಣಿನ ವಾಸನೆ ಒಮ್ಮೆಗೇ ಮೇಲೇಳುತ್ತದೆ. ಮೂಗನ್ನು ನಳಿಕೆಗೆ ಒಡ್ಡಬೇಡಿ. ಅಂಗೈಯಿಂದ ಗಾಳಿ ಬೀಸಿಕೊಂಡರೆ ಸಾಕು.

ಆದರೂ ಪ್ರಯೋಗಾಲಯ ಇದನ್ನು ಇಟ್ಟುಕೊಳ್ಳುವುದು ವಾಸನೆಗಾಗಿ ಅಲ್ಲ, ದ್ರಾವಕವಾಗಿ: ನೀರಿನಲ್ಲಿರುವ ಬೇಕಾದ ವಸ್ತುವನ್ನು ತನ್ನೊಳಗೆ ಕರಗಿಸಿಕೊಂಡು ಬೇರ್ಪಡಿಸಲು. 100 ಮಿಲಿಲೀಟರ್ ನೀರಿನಲ್ಲಿ ಸುಮಾರು 8 ಗ್ರಾಂ ಕರಗುತ್ತದೆ, ಉಳಿದದ್ದು ಪ್ರತ್ಯೇಕ ಪದರವಾಗುತ್ತದೆ. ಸಾಂದ್ರತೆ 0.90, ನೀರಿಗಿಂತ ಕಡಿಮೆ, ಆದ್ದರಿಂದ ಬೇರ್ಪಡಿಸುವ ಆಲಿಕೆಯಲ್ಲಿ ಸಾಮಾನ್ಯವಾಗಿ ಮೇಲಿನ ಪದರ ಇದರದ್ದು. ಡೈಕ್ಲೋರೋಮೀಥೇನ್ ಎಂಬ ದ್ರಾವಕ ಬಳಸಿ ರೂಢಿಯಾದವರು ಇಲ್ಲಿ ಎಡವುತ್ತಾರೆ, ಏಕೆಂದರೆ ಅದು ತಳಕ್ಕಿಳಿಯುತ್ತದೆ. ಸಂಶಯ ಬಂದರೆ ಒಂದು ಹನಿ ನೀರು ಬಿಟ್ಟು ಯಾವ ಪದರಕ್ಕೆ ಸೇರಿತೆಂದು ನೋಡಿ. ಕೊನೆಯದಾಗಿ ಉಪ್ಪಿನ ಸಂತೃಪ್ತ ದ್ರಾವಣದಿಂದ ತೊಳೆದರೆ ಎಸ್ಟರಿನಲ್ಲಿ ಸೇರಿಕೊಂಡ ನೀರು ಬಹುಮಟ್ಟಿಗೆ ಹೊರಬರುತ್ತದೆ. ಆಮ್ಲ ತೆಗೆಯಲು ಬೈಕಾರ್ಬೊನೇಟ್ ಹಾಕಿ ಕುಲುಕುವಾಗ ಮಾತ್ರ ಮತ್ತೆಮತ್ತೆ ತಿರುಪು ತೆರೆದು ಅನಿಲ ಬಿಡಬೇಕು.

ತೆಳುಪದರ ಕ್ರೊಮ್ಯಾಟೋಗ್ರಫಿಯಲ್ಲಿ, ಅಂದರೆ ಸಿಲಿಕಾ ಬಳಿದ ತಟ್ಟೆಯ ಬುಡದ ಪೆನ್ಸಿಲ್ ಗೆರೆಯ ಮೇಲೆ ವಸ್ತುವಿನ ಚುಕ್ಕೆಯಿಟ್ಟು ಕೆಳಗಿನಿಂದ ದ್ರಾವಕ ಏರಲು ಬಿಡುವ ವಿಧಾನದಲ್ಲಿ, ಇದರ ಗುಣ ಕಣ್ಣಿಗೇ ಕಾಣುತ್ತದೆ. ಸಿಲಿಕಾದ ಮೇಲ್ಮೈ ತುಂಬ ಹೈಡ್ರಾಕ್ಸಿಲ್ ಗುಂಪುಗಳಿವೆ. ನಮ್ಮ ವಸ್ತು ಅವುಗಳಿಗೆ ಅಂಟಿಕೊಂಡಿರುತ್ತದೆ. ಆಕ್ಸಿಜನ್ ಇಲ್ಲದ ಹೆಕ್ಸೇನ್ ದ್ರಾವಕವೊಂದೇ ಏರಿದರೆ ಚುಕ್ಕೆ ಕದಲದೆ ಪೆನ್ಸಿಲ್ ಗೆರೆಯ ಮೇಲೆಯೇ ಉಳಿಯಬಹುದು. ಹೆಕ್ಸೇನ್‌ಗೆ ಈಥೈಲ್ ಅಸಿಟೇಟ್ ಬೆರೆಸಿದಾಗ ಅದರ ಆಕ್ಸಿಜನ್ ಆ ಹೈಡ್ರಾಕ್ಸಿಲ್‌ಗಳನ್ನು ಹಿಡಿದು ಚುಕ್ಕೆಯನ್ನು ಬಿಡಿಸುತ್ತದೆ. ಪ್ರಮಾಣ ಹೆಚ್ಚಿಸಿದಷ್ಟೂ ಚುಕ್ಕೆ ಮೇಲಕ್ಕೆ. ‘ಪಡೆಯಬಲ್ಲದು’ ಎಂದೆನಲ್ಲ, ಇದೇ ಅದು.

ಪ್ರತ್ಯಾಮ್ಲದ ಎದುರು ಈ ಎಸ್ಟರ್ ನಿಲ್ಲುವುದಿಲ್ಲ. ಸೋಡಿಯಂ ಹೈಡ್ರಾಕ್ಸೈಡ್ ಜೊತೆ ಸಾಬೂನೀಕರಣವಾಗಿ ಸೋಡಿಯಂ ಅಸಿಟೇಟ್ ಮತ್ತು ಎಥನಾಲ್ ಆಗುತ್ತದೆ. ವೇಗ ಎರಡರ ಸಾರತೆಯನ್ನೂ ಅವಲಂಬಿಸುವುದರಿಂದ ಇದು ದ್ವಿತೀಯ ದರ್ಜೆ. ಆಮ್ಲೀಯ ಜಲವಿಭಜನೆಯಲ್ಲಿ ನೀರು ಹೇರಳವಾಗಿರುವುದರಿಂದ ವೇಗ ಎಸ್ಟರಿನ ಸಾರತೆಯೊಂದರ ಜೊತೆಗೇ ಬದಲಾಗಿ, ಅದು ಪ್ರಥಮ ದರ್ಜೆಯಂತೆ ವರ್ತಿಸುತ್ತದೆ. ಈ ವೇಗ ಅಳೆಯುವ ಪ್ರಯೋಗದಲ್ಲಿ ಆಗಾಗ ತೆಗೆದ ಮಾದರಿಯನ್ನು ಹಿಮಶೀತಲ ನೀರಿಗೆ ಹಾಕುವುದು ಏಕೆ ಎಂದು ಮೌಖಿಕ ಪರೀಕ್ಷೆಯಲ್ಲಿ ಕೇಳುತ್ತಾರೆ: ಕ್ರಿಯೆ ಬಹಳ ನಿಧಾನವಾಗಿ, ಆಮ್ಲದ ಪ್ರಮಾಣ ಅಳೆಯುವ ಟೈಟ್ರೇಷನ್‌ಗೆ ಸಮಯ ಸಿಗುತ್ತದೆ.

ಬೆಂಕಿಯ ವಿಷಯದಲ್ಲಿ ಸಡಿಲಿಕೆ ಬೇಡ. ಮೈನಸ್ 4 ಡಿಗ್ರಿಯಲ್ಲೇ ಕಿಡಿ ತಾಗಿದರೆ ಹೊತ್ತಿಕೊಳ್ಳುವಷ್ಟು ಆವಿ ಇದಕ್ಕಿದೆ. ಆ ಆವಿ ಗಾಳಿಗಿಂತ ಮೂರು ಪಟ್ಟು ಭಾರ. ಮೇಜಿನ ಮೇಲೆ ಹರಿದು ದೂರದ ಜ್ವಾಲೆಯನ್ನು ಮುಟ್ಟಬಲ್ಲದು.

ಕೆಲಸ ಮುಗಿದ ಮೇಲೆ ಕಡಿಮೆ ಒತ್ತಡದಲ್ಲಿ ಆವಿಯಾಗಿಸಿದರೆ ದ್ರಾವಕ ಸಲೀಸಾಗಿ ಹೋಗುತ್ತದೆ, ವಾಸನೆಯೂ ಹೋಗುತ್ತದೆ. ಪೂರ್ತಿ ಹೋಯಿತೇ ಎಂಬುದನ್ನು ಎನ್‌ಎಂಆರ್ (ಕಾಂತಕ್ಷೇತ್ರದಲ್ಲಿ ಅಣುವಿನ ಹೈಡ್ರೋಜನ್‌ಗಳನ್ನು ಗುರುತಿಸುವ ಪರೀಕ್ಷೆ) ಹೇಳುತ್ತದೆ. ಡ್ಯುಟೇರಿಯಂ ಕ್ಲೋರೋಫಾರ್ಮಿನಲ್ಲಿ 1.26, 2.05 ಮತ್ತು 4.12 ಪಿಪಿಎಂ (ಎನ್‌ಎಂಆರ್‌ನ ಅಳತೆ) ಬಳಿ ಗೆರೆಗಳು ಒಟ್ಟಿಗೆ ಕಂಡರೆ ಅವು ನಿಮ್ಮ ಹೊಸ ವಸ್ತುವಿನವಲ್ಲ, ಉಳಿದ ಈಥೈಲ್ ಅಸಿಟೇಟ್‌ನವು. ಫ್ಲಾಸ್ಕನ್ನು ಇನ್ನೊಂದಿಷ್ಟು ಹೊತ್ತು ನಿರ್ವಾತದಲ್ಲಿಡಿ.