ಎಫ್‌ಎಆರ್ ನಾಲ್ಕು ಅಂದರೆ ನಾಲ್ಕು ಮಹಡಿ ಅಲ್ಲ ಸ್ವಾಮಿ

ಪ್ರಶ್ನೆ: ಎಂ.ಜಿ. ರಸ್ತೆ ಹತ್ತಿರದ ಒಂದು ಬೀದಿಯಲ್ಲಿ ನಮ್ಮ ಅಂಗಡಿ ಇದೆ. ಪಕ್ಕದ ಹಳೇ ಕಟ್ಟಡಗಳನ್ನು ಕೆಡವಿ ಟವರ್ ಕಟ್ಟುತ್ತಾರಂತೆ. ಮೆಟ್ರೊ ಹತ್ತಿರ ಇರೋದ್ರಿಂದ ಎಫ್‌ಎಆರ್ ನಾಲ್ಕು ಅಂತ ಹೇಳ್ತಾರೆ. ಹಾಗಾದರೆ ನಾಲ್ಕೇ ಮಹಡಿ ತಾನೇ ಕಟ್ಟಬೇಕು? ಇವರು ಹದಿನೆಂಟು ಮಹಡಿ ಅಂತಿದ್ದಾರೆ. ಜೊತೆಗೆ ಕೆಲಸ ಮುಗಿಯುವ ತನಕ ಬೀದಿ ಮುಚ್ಚುತ್ತಾರಂತೆ. ಇದೆಲ್ಲ ಅಕ್ರಮ ಅಲ್ವಾ ಸಾರ್?

ಉತ್ತರ: ಬೀದಿ ಮುಚ್ಚುವ ವಿಷಯ ಆಮೇಲೆ ನೋಡೋಣ. ಮೊದಲು ಆ ನಾಲ್ಕು ಮಹಡಿಯ ಕಥೆ ಮುಗಿಸಬೇಕು, ಯಾಕೆಂದರೆ ಇದಕ್ಕೆ ಉತ್ತರ ಬರೆದು ಬರೆದು ನನಗೆ ಸಾಕಾಗಿದೆ. ಲಾಯರ್‌ಗಳು ಕೇಳಿದ್ದಾರೆ. ಸೈಟು ಕೊಳ್ಳುವವರು, ಮಾರುವವರು ಇಬ್ಬರೂ ಕೇಳಿದ್ದಾರೆ. ಒಬ್ಬ ಸಿವಿಲ್ ಎಂಜಿನಿಯರ್ ಕೂಡ ಕೇಳಿದ್ದಾರೆ, ಅವರ ಕಾಲೇಜು ಯಾವುದು ಅಂತ ನಾನು ವಿಚಾರಿಸಲಿಲ್ಲ.

ಎಫ್‌ಎಆರ್, ಅಂದರೆ ಫ್ಲೋರ್ ಏರಿಯಾ ರೇಶಿಯೊ, ಹೇಳುವುದು ಒಂದೇ ಮಾತು: ನಿಮ್ಮ ಸೈಟಿನ ವಿಸ್ತೀರ್ಣದ ಎಷ್ಟು ಪಟ್ಟು ಜಾಗವನ್ನು ಒಟ್ಟು ಕಟ್ಟಬಹುದು. ಅಷ್ಟೇ. ಅದನ್ನು ಎಷ್ಟು ಮಹಡಿಯಲ್ಲಿ ಹಂಚಬೇಕು ಅಂತ ಅದು ಹೇಳುವುದಿಲ್ಲ. ಒಂದು ಪಾತ್ರೆ ಹಿಟ್ಟಿನಲ್ಲಿ ಹೆಂಚಿನ ತುಂಬ ದೋಸೆ ಹುಯ್ದರೆ ನಾಲ್ಕು ಬರುತ್ತವೆ, ಸೆಟ್ ದೋಸೆ ಹುಯ್ದರೆ ಹತ್ತಾರು ಬರುತ್ತವೆ. ಹಿಟ್ಟು ಅಷ್ಟೇ ಇರುತ್ತದೆ. ನಾಲ್ಕು ಮಹಡಿಗೇ ಮುಗಿಯಬೇಕಾದರೆ ಪ್ರತಿ ಮಹಡಿಯೂ ಸೈಟಿನ ಮೂಲೆಮೂಲೆಗೂ ತಾಗಿಕೊಂಡಿರಬೇಕು, ಒಂದಡಿಯೂ ಬಿಡದೆ. ಹಾಗೆ ಕಟ್ಟಲು ಯಾವ ನಿಯಮವೂ ಒಪ್ಪುವುದಿಲ್ಲ.

ಬಾಯಿಮಾತಿಗೆ ನಂಬಿಕೆ ಬರುವುದಿಲ್ಲ ಅಂತ ಗೊತ್ತು, ಅದಕ್ಕೇ ಲೆಕ್ಕ ಕೊಡುತ್ತೇನೆ. ಪೆನ್ನು ತಗೊಳ್ಳಿ.

50 ಮೀಟರ್ ಅಗಲ, 80 ಮೀಟರ್ ಉದ್ದದ ಜಾಗ ಅಂದುಕೊಳ್ಳಿ. 4,000 ಚದರ ಮೀಟರ್ ಆಯಿತು, ಹೆಚ್ಚೂ ಕಡಿಮೆ ಒಂದು ಎಕರೆ. ಎಫ್‌ಎಆರ್ ನಾಲ್ಕಾದರೆ ಒಟ್ಟು 16,000 ಚದರ ಮೀಟರ್ ಕಟ್ಟಬಹುದು. ಈಗ ಸೆಟ್‌ಬ್ಯಾಕ್ ಬರುತ್ತದೆ, ಅಂದರೆ ಸುತ್ತ ಬಿಡಬೇಕಾದ ಖಾಲಿ ಜಾಗ. 2007ರಲ್ಲಿ ಜಾರಿಗೆ ಬಂದ ಬೆಂಗಳೂರಿನ 'ಮಾಸ್ಟರ್ ಪ್ಲಾನ್ 2015'ರ ನಿಯಮಾವಳಿಯಲ್ಲಿ ಕಟ್ಟಡ ಎತ್ತರವಾದಷ್ಟೂ ಇದು ಜಾಸ್ತಿಯಾಗುತ್ತಾ ಹೋಗುತ್ತದೆ. 30 ಮೀಟರ್ ಎತ್ತರದ ಕಟ್ಟಡಕ್ಕೆ ನಾಲ್ಕೂ ಕಡೆ 10 ಮೀಟರ್. 50 ಮೀಟರ್ ದಾಟಿದರೆ 16 ಮೀಟರ್. ಆಮೇಲೆ ತಿದ್ದುಪಡಿಗಳು ಬಂದಿವೆ, ಬರುತ್ತಲೂ ಇರುತ್ತವೆ, ಲೆಕ್ಕ ಹಾಕುವ ರೀತಿ ಮಾತ್ರ ಇದೇ.

ನಾಲ್ಕೂ ಕಡೆ 10 ಮೀಟರ್ ಬಿಟ್ಟರೆ ಉಳಿಯುವುದು 30ಕ್ಕೆ 60, ಮಹಡಿಗೆ 1,800 ಚದರ ಮೀಟರ್. ಒಟ್ಟು 16,000 ಮುಗಿಸಲು ಸುಮಾರು ಒಂಬತ್ತು ಮಹಡಿ ಬೇಕು. ಮಹಡಿಗೆ 3.3 ಮೀಟರ್ ಹಿಡಿದರೆ 30 ಮೀಟರ್ ಒಳಗೇ ಕೂರುತ್ತದೆ. ಅದೇ ಬಿಲ್ಡರ್ 'ನನಗೆ ಸಣ್ಣಗೆ ಎತ್ತರಕ್ಕೆ ಬೇಕು, ಮೇಲಿನ ಮಹಡಿಗೆ ಕಬ್ಬನ್ ಪಾರ್ಕ್ ಕಾಣಬೇಕು, ಅದಕ್ಕೆ ಬೆಲೆ ಜಾಸ್ತಿ' ಅಂತ 16 ಮೀಟರ್ ಬಿಟ್ಟರೆ ಉಳಿಯುವುದು 18ಕ್ಕೆ 48. ಮಹಡಿಗೆ 864 ಚದರ ಮೀಟರ್. ಭಾಗಿಸಿ ನೋಡಿ, ಹದಿನೆಂಟೂವರೆ ಬರುತ್ತದೆ.

ಜಾಗ ಅದೇ, ಎಫ್‌ಎಆರ್ ಅದೇ ನಾಲ್ಕು. ಒಂದು ಸಲ ಒಂಬತ್ತು ಮಹಡಿ, ಇನ್ನೊಂದು ಸಲ ಹದಿನೆಂಟು. ನಿಮ್ಮ ಪಕ್ಕದ ಹದಿನೆಂಟು ಎಲ್ಲಿಂದ ಬಂತು ಅಂತ ಈಗ ಗೊತ್ತಾಯಿತಲ್ಲ? ಪಾರ್ಕಿಂಗ್, ಲಿಫ್ಟು, ಮೆಟ್ಟಿಲಿನ ಜಾಗ ಈ ಲೆಕ್ಕಕ್ಕೆ ಸೇರುವುದಿಲ್ಲ. ಆದ್ದರಿಂದ ಕೆಳಗೆ ಎರಡು ಮೂರು ಮಹಡಿ ಕಾರು ನಿಲ್ಲಿಸಿದರೆ ಎತ್ತರ ಇನ್ನೂ ಏರುತ್ತದೆ. ಪ್ರೀಮಿಯಂ ಎಫ್‌ಎಆರ್, ಅಂದರೆ ಹೆಚ್ಚುವರಿ ಎಫ್‌ಎಆರ್, ದುಡ್ಡು ಕೊಟ್ಟು ಕೊಂಡಿದ್ದರೆ, ಟಿಡಿಆರ್, ಅಂದರೆ ಬೇರೆ ಕಡೆ ಜಾಗ ಬಿಟ್ಟುಕೊಟ್ಟವರಿಗೆ ಸಿಗುವ ಕಟ್ಟುವ ಹಕ್ಕು, ತಂದು ಹಾಕಿದ್ದರೆ ಅದು ಇದರ ಮೇಲೆ ಬೇರೆ.

ಈ ಮೂಢನಂಬಿಕೆಗೆ ಒಬ್ಬ ತಮ್ಮನೂ ಇದ್ದಾನೆ. 'ಎಫ್‌ಎಆರ್ ಏರಿಸಿದರೆ ಚಿಕ್ಕಪೇಟೆ, ಅವೆನ್ಯೂ ರೋಡ್ ಎಲ್ಲ ಟವರ್ ಆಗಿಬಿಡುತ್ತೆ' ಅನ್ನುವ ಭಯ. ಇದನ್ನೂ ಲೆಕ್ಕ ಹಾಕಿಯೇ ಓಡಿಸಬಹುದು. ಬೆಂಗಳೂರಿನ ಎಲ್ಲರಿಗೂ ಗೊತ್ತಿರುವ 40-60 ಅಡಿಯ ಸೈಟು ತಗೊಳ್ಳಿ. ಮೀಟರ್‌ನಲ್ಲಿ 12.2ಕ್ಕೆ 18.3. ಅಲ್ಲಿ 30 ಮೀಟರ್ ಎತ್ತರ ಬೇಕು ಅಂದರೆ ಎಡಕ್ಕೆ 10, ಬಲಕ್ಕೆ 10 ಬಿಡಬೇಕು. 12.2ರಲ್ಲಿ 20 ಕಳೆಯಿರಿ. ಕಟ್ಟಡ ಸೈಟಿನಿಂದ ಆಚೆಗೇ ಹೋಯಿತು! 15 ಮೀಟರ್ ಎತ್ತರ ಸಾಕು ಅಂದರೂ ಸುತ್ತ 5 ಮೀಟರ್ ಬಿಟ್ಟು ಉಳಿಯುವುದು 2.2 ಮೀಟರ್ ಅಗಲದ ಒಂದು ಓಣಿ. ಸರ್ಕಾರ ಎಫ್‌ಎಆರ್ ಹತ್ತು ಕೊಟ್ಟರೂ ಅಲ್ಲಿ ಅದನ್ನು ಇಟ್ಟುಕೊಳ್ಳಲು ಜಾಗವಿಲ್ಲ. ಪೇಟೆಯ ಸೈಟುಗಳಂತೂ ಇದರ ಅರ್ಧವೂ ಇರುವುದಿಲ್ಲ. ಅಲ್ಲಿ ಕಾಣುವ ಐದಾರು ಮಹಡಿಯ ಡಬ್ಬಿಗಳು ಹೇಗೆ ಎದ್ದವು ಅಂತ ಕೇಳಬೇಡಿ, ಅವಕ್ಕೂ ಎಫ್‌ಎಆರ್‌ಗೂ ಸಂಬಂಧವಿಲ್ಲ, ಯಾವುದಕ್ಕೆ ಸಂಬಂಧ ಅಂತ ನಿಮಗೇ ಗೊತ್ತು.

ಹಾಗಾದರೆ ಟವರ್ ಎಲ್ಲಿ ಏಳುತ್ತದೆ? ದೊಡ್ಡ ಜಾಗ ಒಂದೇ ಕೈಯಲ್ಲಿ ಇರುವ ಕಡೆ. ಕಂಟೋನ್ಮೆಂಟ್ ಕಡೆ ಬ್ರಿಟಿಷರ ಕಾಲದ ಬಂಗಲೆಗಳಿಗೆ ದೊಡ್ಡ ದೊಡ್ಡ ಕಾಂಪೌಂಡ್ ಇದ್ದವು, ಅದಕ್ಕೇ ಎತ್ತರದ ಕಟ್ಟಡಗಳು ಅಲ್ಲೇ ಬಂದವು. ಎಂ.ಜಿ. ರಸ್ತೆಯ ಪಬ್ಲಿಕ್ ಯುಟಿಲಿಟಿ ಬಿಲ್ಡಿಂಗ್ ಎಷ್ಟೋ ವರ್ಷ ಊರಿನ ಅತಿ ಎತ್ತರದ ಕಟ್ಟಡವಾಗಿತ್ತು. ಕೆಂಪೇಗೌಡರ ಪೇಟೆಯಲ್ಲಿ ಜಾಗ ತಲೆಮಾರು ತಲೆಮಾರಿಗೂ ಹೋಳಾಗುತ್ತಾ ಬಂತು. ಹೋಳಾಗಿದ್ದನ್ನು ಕೂಡಿಸದೆ ಟವರ್ ಆಗುವುದಿಲ್ಲ. ನಿಮ್ಮ ಬೀದಿಯಲ್ಲಿ ಒಬ್ಬರೇ ಬಂದು ಅಕ್ಕಪಕ್ಕದ ನಾಲ್ಕೈದು ಸ್ವತ್ತು ಕೊಳ್ಳುತ್ತಿದ್ದಾರೆ ಅಂದರೆ ಎಚ್ಚರವಾಗಬೇಕಾದದ್ದು ಆಗ. ಎಫ್‌ಎಆರ್ ಸುದ್ದಿ ಪೇಪರಿನಲ್ಲಿ ಬಂದಾಗ ಗಾಬರಿಯಾಗಿ ಏನೂ ಪ್ರಯೋಜನವಿಲ್ಲ.

ಇನ್ನೊಂದು ಮಾತು. ಎಫ್‌ಎಆರ್ ಎಷ್ಟು ಸಿಗುತ್ತದೆ ಅನ್ನುವುದಕ್ಕೆ ಮುಂದಿನ ರಸ್ತೆಯ ಅಗಲವೂ ಮುಖ್ಯ. ರಸ್ತೆ ಅಗಲವಾದಷ್ಟೂ ಎಫ್‌ಎಆರ್ ಜಾಸ್ತಿ. ಮೆಟ್ರೊ ನಿಲ್ದಾಣದ 150 ಮೀಟರ್ ಒಳಗಿನ ಸ್ವತ್ತುಗಳಿಗೆ ನಾಲ್ಕು ಅಂದದ್ದೂ ಅದೇ ಮಾಸ್ಟರ್ ಪ್ಲಾನ್. ಹದಿನೆಂಟು ಮಹಡಿಗೆ ಬರುವ ಜನ, ಕಾರು, ನೀರಿನ ಟ್ಯಾಂಕರ್ ಎಲ್ಲ ಆ ರಸ್ತೆಯಲ್ಲೇ ಬರಬೇಕು. ರಸ್ತೆ ಊರಿನವರದು, ಅದರ ಬಲದ ಮೇಲೆ ಏಳುವ ಮಹಡಿಗಳು ಬಿಲ್ಡರ್‌ದು. ಹೀಗಿರುವಾಗ ಅದೇ ರಸ್ತೆಯನ್ನು ಮುಚ್ಚುತ್ತೇನೆ ಅಂತ ಅವರು ಹೇಳಿದರೆ ನಿಮಗೆ ಸಿಟ್ಟು ಬರುವುದು ಸರಿಯೇ.

ಬಿಲ್ಡರ್‌ಗೆ ರಸ್ತೆ ಮುಚ್ಚುವ ಅಧಿಕಾರ ಇಲ್ಲ. ನಾಲ್ಕು ಬ್ಯಾರಿಕೇಡ್, ಒಬ್ಬ ಸೆಕ್ಯುರಿಟಿ, ಒಂದು ಸೀಟಿ ಇದ್ದರೆ ಅಧಿಕಾರ ಬಂದಂತೆ ಕಾಣುತ್ತದೆ, ಬರುವುದಿಲ್ಲ. ವಾಹನ ಸಂಚಾರ ನಿಲ್ಲಿಸಲು ಮೋಟಾರು ವಾಹನ ಕಾಯ್ದೆಯ 115ನೇ ಸೆಕ್ಷನ್ ಇದೆ. ಅದರಡಿ ಆದೇಶ ಹೊರಡಿಸುವುದು ಸರ್ಕಾರ ಅಥವಾ ಸರ್ಕಾರ ಅಧಿಕಾರ ಕೊಟ್ಟವರು ಮಾತ್ರ. ಒಂದು ತಿಂಗಳವರೆಗಿನ ನಿರ್ಬಂಧಕ್ಕೆ ಗೆಜೆಟ್ ಅಧಿಸೂಚನೆ ಬೇಡ, ಸ್ಥಳೀಯವಾಗಿ ಪ್ರಚಾರ ಕೊಟ್ಟರೆ ಸಾಕು. ತಿಂಗಳು ದಾಟಿದರೆ ಗೆಜೆಟ್‌ನಲ್ಲಿ ಬರಬೇಕು. ಹಾಗಾಗಿ ಬ್ಯಾರಿಕೇಡ್ ಹತ್ತಿರ ಹೋಗಿ ಜಗಳ ಆಡಬೇಡಿ. 'ಆದೇಶದ ನಂಬರ್ ಎಷ್ಟು, ಯಾವ ತಾರೀಕಿನವರೆಗೆ' ಅಂತ ಕೇಳಿ. ತಾರೀಕು ಬಹಳ ಮುಖ್ಯ. ಕಾಮರಾಜ ರಸ್ತೆಯನ್ನು ಮೆಟ್ರೊ ಕೆಲಸಕ್ಕೆಂದು 2019ರಲ್ಲಿ ಮುಚ್ಚಿದ್ದು, ಒಂದು ಪಕ್ಕ ತೆರೆಯುವ ಹೊತ್ತಿಗೆ ಐದು ವರ್ಷದ ಹತ್ತಿರ ಆಯಿತು. ಅದು ನೆಲದಡಿ ನಿಲ್ದಾಣ ತೋಡುವ ಕೆಲಸ, ಖಾಸಗಿ ಕಟ್ಟಡಕ್ಕೆ ಆ ನೆಪ ಇಲ್ಲ. ಕಾಂಕ್ರೀಟ್ ಸುರಿಯುವ ದಿನ ರಾತ್ರಿ ಹೊತ್ತು ಕೆಲವು ಗಂಟೆ ತಡೆಯುವುದು ಬೇರೆ, ಮೂರು ವರ್ಷ ಜಲ್ಲಿ ಮರಳು ಸುರಿದು ಬೀದಿಯನ್ನು ಗೋಡೌನ್ ಮಾಡಿಕೊಳ್ಳುವುದು ಬೇರೆ.

ದೂರು ಯಾರಿಗೆ ಅಂತ ಮುಂದಿನ ಪ್ರಶ್ನೆ ಬರುವ ಮೊದಲೇ ಹೇಳಿಬಿಡುತ್ತೇನೆ: ಬಿಬಿಎಂಪಿ ಈಗ ಇಲ್ಲ. 2025ರ ಸೆಪ್ಟೆಂಬರ್‌ನಿಂದ ಗ್ರೇಟರ್ ಬೆಂಗಳೂರು ಪ್ರಾಧಿಕಾರದ ಕೆಳಗೆ ಐದು ಪಾಲಿಕೆ, ನಿಮ್ಮದು ಕೇಂದ್ರ ನಗರ ಪಾಲಿಕೆ. ಸಂಚಾರದ ವಿಷಯಕ್ಕೆ ಟ್ರಾಫಿಕ್ ಪೊಲೀಸ್, ರಸ್ತೆ ಮೇಲೆ ಸಾಮಾನು ಸುರಿದರೆ ಪಾಲಿಕೆ.

ಈಗ ಯಾರೂ ಕೇಳದ ಒಂದು ಪ್ರಶ್ನೆ. ಬಿಲ್ಡರ್‌ಗಾಗಿ ಅಲ್ಲದೆ ನಡೆಯುವವರಿಗಾಗಿಯೇ ಬೀದಿಗೆ ವಾಹನ ಬಂದ್ ಮಾಡಿದರೆ? ಚರ್ಚ್ ಸ್ಟ್ರೀಟ್‌ನಲ್ಲಿ 2020ರ ನವೆಂಬರ್‌ನಿಂದ 2021ರ ಫೆಬ್ರವರಿವರೆಗೆ ವಾರಾಂತ್ಯಗಳಲ್ಲಿ ಹಾಗೆ ಮಾಡಿದ್ದರು. ಅಂಥ ಬೀದಿಯಲ್ಲಿ ಸ್ವತ್ತು ಇರುವವರ ಎಫ್‌ಎಆರ್ ಕಡಿಮೆಯಾಗುತ್ತದಾ? ಇಲ್ಲ. ವಾಹನ ನಿಂತರೂ ಅದು ರಸ್ತೆಯೇ, ಪಾಲಿಕೆಯ ಸ್ವತ್ತೇ. ಅಗಲ ಅಂದರೆ ಬರೀ ಡಾಂಬರಿನ ಅಗಲ ಅಲ್ಲ. ಫುಟ್‌ಪಾತ್, ಚರಂಡಿ ಎಲ್ಲ ಸೇರಿಸಿ ಈ ಕಡೆಯ ಗಡಿಯಿಂದ ಆ ಕಡೆಯ ಗಡಿವರೆಗೆ ಅಳೆಯಬೇಕು. ಟಾರು ಮಾತ್ರ ಅಳೆದು 'ಎಂಟೇ ಮೀಟರ್ ಇದೆ, ಇದು ಮೋಸ' ಅಂತ ನನಗೆ ಫೋಟೊ ಕಳಿಸುವವರು ದಯವಿಟ್ಟು ಇದನ್ನು ಇನ್ನೊಂದು ಸಲ ಓದಿ.

ನಡಿಗೆ ಬೀದಿಗಳ ಬಗ್ಗೆ ನನ್ನ ತಕರಾರು ಒಂದೇ, ಬೆಂಕಿ. ರಾಷ್ಟ್ರೀಯ ಕಟ್ಟಡ ಸಂಹಿತೆ 15 ಮೀಟರ್ ಮತ್ತು ಅದಕ್ಕಿಂತ ಎತ್ತರದ್ದನ್ನೆಲ್ಲ ಬಹುಮಹಡಿ ಕಟ್ಟಡ ಅನ್ನುತ್ತದೆ, ಅಗ್ನಿಶಾಮಕ ವಾಹನಕ್ಕೆ ಸುತ್ತ 6 ಮೀಟರ್ ದಾರಿ ಕೇಳುತ್ತದೆ, 45 ಟನ್ ಭಾರ ತಡೆಯುವಂಥದ್ದು. 2010ರ ಫೆಬ್ರವರಿಯಲ್ಲಿ ಹಳೇ ಏರ್‌ಪೋರ್ಟ್ ರಸ್ತೆಯ ಕಾರ್ಲ್‌ಟನ್ ಟವರ್ಸ್‌ಗೆ ಬೆಂಕಿ ಬಿದ್ದು ಒಂಬತ್ತು ಜನ ಸತ್ತರು, ಅದು ಏಳು ಮಹಡಿಯ ಕಟ್ಟಡ. ಅದಕ್ಕೇ ವಾಹನ ಬಂದ್ ಮಾಡುವ ಬೀದಿಯ ಎರಡು ತುದಿಗೂ ಕೀಲಿ ತೆಗೆದು ಕೀಳಬಹುದಾದ ಕಂಬ ಬೇಕು, ಸಿಮೆಂಟಿನ ಹೂಕುಂಡ ಬೇಡ. ನಡುವೆ ಕಾಫಿ ಅಂಗಡಿಯವರು ಮೇಜು ಕುರ್ಚಿ ಹಾಕಿಕೊಳ್ಳಲಿ, ಬೇಡ ಅನ್ನುವುದಿಲ್ಲ, ಆದರೆ ಆ 6 ಮೀಟರ್ ಬಿಟ್ಟು.

ನಿಮ್ಮ ಪಕ್ಕದ ಟವರ್‌ಗೆ ಬರೋಣ. ಹದಿನೆಂಟು ಮಹಡಿ ಅಂದ ಮಾತ್ರಕ್ಕೆ ಅಕ್ರಮ ಅಲ್ಲ. ಮಂಜೂರಾದ ನಕ್ಷೆಯ ಪ್ರತಿಗೆ ಆರ್‌ಟಿಐ ಹಾಕಿ. ಸಿಕ್ಕಿದ ಮೇಲೆ ಮಹಡಿ ಎಣಿಸುತ್ತಾ ಕೂರಬೇಡಿ. ಅದರಲ್ಲಿ ರಸ್ತೆಯ ಅಗಲ ಎಷ್ಟು ತೋರಿಸಿದ್ದಾರೆ, ನಾಲ್ಕೂ ಕಡೆ ಎಷ್ಟು ಮೀಟರ್ ಬಿಟ್ಟಿದ್ದಾರೆ, ಈ ಎರಡನ್ನು ನೋಡಿ. ಆಮೇಲೆ ಟೇಪು ತಗೊಂಡು ಹೋಗಿ ಗಡಿಯಿಂದ ಗಡಿಗೆ ಅಳೆಯಿರಿ. ಎರಡರಲ್ಲಿ ಒಂದು ತಾಳೆಯಾಗದಿದ್ದರೂ ನನಗೆ ಬರೆಯಿರಿ, ಆ ಪ್ರಶ್ನೆಗೆ ಉತ್ತರಿಸಲು ನನಗೆ ಬೇಜಾರಿಲ್ಲ.