ಹತ್ರಿ ಬ್ಲೇಡು 25 ಡಿಗ್ರಿಗಾ, 30 ಡಿಗ್ರಿಗಾ?

ಮರ ಹೆರೆದು ನುಣುಪು ಮಾಡೋ ಹತ್ರಿ ಬಗ್ಗೆ ಮಂಡ್ಯದಿಂದ ಬಂದಿರೋ ಪ್ರಶ್ನೆ: "ಹಳೇ ಮನೆ ಕೆಡವ್ದಾಗ ಸಿಕ್ಕಿದ ಹಲಸಿನ ಹಲಗೆಗೆ ಹತ್ರಿ ಹೊಡೀತಾ ಇವ್ನಿ. ಒಂದ್ ಕಡೆ ನೈಸಾಗಿ ಬತ್ತದೆ, ಪಕ್ಕದಲ್ಲೇ ಸಿಬಿರು ಕಿತ್ಕಂಡು ಗುಳಿ ಬೀಳ್ತದೆ. ಒಬ್ರು ಬ್ಲೇಡ್ 25 ಡಿಗ್ರಿಗೆ ಮಸಿ ಅಂತಾರೆ, ಇನ್ನೊಬ್ರು 30 ಅಂತಾರೆ. ಯಾವ್ದು ಸರಿ ಸಾರ್?"

ಎರಡೂ ನಡಿಯತ್ತೆ, ಆದ್ರೆ ಆ ನಂಬರ್ ಬದಲಾಯಿಸಿದ್ರೆ ಸಿಬಿರು ನಿಲ್ಲಲ್ಲ. ಮಾಮೂಲಿ ಕಬ್ಬಿಣದ ಹತ್ರಿಲಿ ಬ್ಲೇಡು 45 ಡಿಗ್ರಿಗೆ ಒರಗಿ ಕೂತಿರತ್ತೆ, ಮಸೆದ ಇಳಿಜಾರು ಕೆಳಗಡೆ, ಚಪ್ಪಟೆ ಮುಖ ಮೇಲ್ಗಡೆ. ಮರಕ್ಕೆ ಎದುರಾಗೋದು ಚಪ್ಪಟೆ ಮುಖ, ಹಾಗಾಗಿ ನೀವು 25ಕ್ಕೆ ಮಸೀರಿ 30ಕ್ಕೆ ಮಸೀರಿ, ಮರ ಕೊಯ್ಯೋ ಕೋನ 45ರಲ್ಲೇ ಇರತ್ತೆ. ಬದಲಾಗೋದು ಅಂಚಿನ ಗಟ್ಟಿತನ ಮತ್ತೆ ಬ್ಲೇಡಿನ ಕೆಳಗೆ ಉಳಿಯೋ ಸಂದು. 30ಕ್ಕೆ ಮಸೆದ್ರೆ 15 ಡಿಗ್ರಿ ಸಂದು ಸಿಗತ್ತೆ, ಧಾರಾಳ ಆಯ್ತು, ಆದ್ರೆ ಕೈಯಲ್ಲೇ ಹಿಡಿದು ಮಸೀತಾ ಮಸೀತಾ ಕೈ ಮೇಲೆದ್ದು 40ಕ್ಕೆ ಹೋಯ್ತು ಅನ್ಕೊಳ್ಳಿ, ಬರೀ 5 ಡಿಗ್ರಿ ಉಳ್ಕೊಳತ್ತೆ, ಇಳಿಜಾರಿನ ಹಿಂಭಾಗ ಮರಕ್ಕೆ ಉಜ್ಜಿ, ಎಷ್ಟೇ ಹರಿತ ಇದ್ರೂ ಕಚ್ಚದೆ ಜಾರತ್ತೆ. ಅಳೆಯೋಕೆ ಏನೂ ಸಾಮಾನು ಬೇಡ. ಇಳಿಜಾರಿನ ಉದ್ದ ಬ್ಲೇಡಿನ ದಪ್ಪದ ಎರಡರಷ್ಟಿದ್ರೆ 30 ಡಿಗ್ರಿ, ಹೆಚ್ಚುಕಮ್ಮಿ 2.4ರಷ್ಟಿದ್ರೆ 25. ಅಂದ್ರೆ 2 ಮಿ.ಮೀ. ಬ್ಲೇಡಿಗೆ 4 ಮಿ.ಮೀ. ಇಳಿಜಾರು.

ನಾನು ಹೇಳೋದು, ಗ್ರೈಂಡರಲ್ಲಿ 25ಕ್ಕೆ ಹಿಡಿದು ಕಲ್ಲಿನ ಮೇಲೆ ತುದಿಗೆ ಮಾತ್ರ 30 ಕೊಡಿ, ಹಲಸು ತೇಗ ಎರಡಕ್ಕೂ ಅಂಚು ತಡಿಯತ್ತೆ. ತೇಗದಲ್ಲಿ ಸಿಲಿಕಾ ಇರೋದ್ರಿಂದ ಅದು ಬ್ಲೇಡನ್ನ ಬೇಗ ಮೊಂಡ ಮಾಡತ್ತೆ, ಅದಕ್ಕೆ ಪದೇಪದೇ ಮಸೀಬೇಕು. ಗ್ರೈಂಡರಲ್ಲಿ ಆಗಾಗ ನೀರಲ್ಲಿ ಅದ್ದಿ, ಸಾದಾ ಉಕ್ಕಿನ ಬ್ಲೇಡು ನೀಲಿ ಆಯ್ತು ಅಂದ್ರೆ ಅಷ್ಟು ಭಾಗದ ಗಟ್ಟಿತನ ಹೋಯ್ತು, ನೀಲಿ ಪೂರ್ತಿ ಸವೆಸಿ ತೆಗೆಯೋವರೆಗೂ ಅಂಚು ನಿಲ್ಲಲ್ಲ.

ಈಗ ಸಿಬಿರಿನ ವಿಷ್ಯ. ಹಲಸಿನ ಎಳೆಗಳು ಒಂದಕ್ಕೊಂದು ಅಡ್ಡಡ್ಡ ಹೆಣೆದಂಗಿರತ್ತೆ, ಒಂದು ಪಟ್ಟೆಲಿ ಎಳೆ ಈ ಕಡೆ ಏಳತ್ತೆ, ಪಕ್ಕದ ಪಟ್ಟೆಲಿ ಆ ಕಡೆ, ಅದಕ್ಕೇ ಹಲಗೆ ತಿರುಗಿಸಿ ಹೊಡೆದ್ರೂ ಪೂರ್ತಿ ಸರಿ ಹೋಗಲ್ಲ. ಮೈಸೂರಲ್ಲಿ ಇನ್‌ಲೇ ಕೆಲಸಕ್ಕೆ ಬಳಸೋ ಬೀಟೆದೂ ಇದೇ ಗುಣ. ಇದಕ್ಕೆ ನಿಜವಾದ ಮದ್ದು ಬ್ಲೇಡಿನ ಮೇಲೆ ಸ್ಕ್ರೂ ಹಾಕಿ ಕೂರಿಸಿರ್ತಾರಲ್ಲ ಆ ಕಬ್ಬಿಣದ ಪಟ್ಟಿ, ಕ್ಯಾಪ್ ಐರನ್. ಎಷ್ಟೋ ಜನ ಅದನ್ನ ಅಂಚಿಂದ 1–2 ಮಿ.ಮೀ. ಹಿಂದೆ ಬಿಟ್ಟಿರ್ತಾರೆ, ಅಲ್ಲಿದ್ರೆ ಸಿಬಿರು ತಡಿಯೋಕೆ ಅದು ಏನೂ ಮಾಡಲ್ಲ. ಅಂಚಿಗೆ 0.2 ಮಿ.ಮೀ. ಅಷ್ಟು ಹತ್ರ ತನ್ನಿ, ಬ್ಲೇಡಿಗೂ ಅದಕ್ಕೂ ಮಧ್ಯೆ ಬೆಳಕು ಕಾಣಬಾರದು, ಕಂಡ್ರೆ ಹೆರೆದ ಮರದ ಸುರುಳಿ ಅಲ್ಲಿಗೇ ನುಗ್ಗಿ ಕಟ್ಕೊಳತ್ತೆ. ಹತ್ರ ಇದ್ರೆ ಎದ್ದ ಸುರುಳಿನ ತಕ್ಷಣ ಮುಂದಕ್ಕೆ ಬಗ್ಗಿಸಿಬಿಡತ್ತೆ, ಮುಂದಿನ ಎಳೆ ಬುಡಸಮೇತ ಕಿತ್ಕೊಂಡು ಬರೋಕೆ ಅವಕಾಶನೇ ಇರಲ್ಲ. ಜೊತೆಗೆ ಬ್ಲೇಡ್ ಕಮ್ಮಿ ಇಳಿಸಿ, ತೆಳ್ಳಗೆ ತೆಗೀರಿ. ಹಳೇ ಹಲಗೆ ಅಂದ್ರಲ್ಲ, ಒಳಗೆ ಮುರಿದ ಮೊಳೆ ಇದ್ಯಾ ಅಂತ ಮೊದ್ಲು ನೋಡ್ಕೊಳ್ಳಿ.

ನಿಮ್ಮದು ಕ್ಯಾಪ್ ಐರನ್ ಇಲ್ಲದ ಮರದ ಹತ್ರಿ ಆಗಿದ್ರೆ ಚಪ್ಪಟೆ ಮುಖದ ತುದಿಗೆ ಸಣ್ಣದಾಗಿ 10 ಡಿಗ್ರಿ ಇಳಿಜಾರು ಕೊಡಬಹುದು, 45 ಹೋಗಿ 55 ಆಗತ್ತೆ, ಎಳೆ ಕೀಳೋದು ಕಮ್ಮಿ ಆಗತ್ತೆ. ತಳ್ಳೋಕೆ ಮಾತ್ರ ಜಾಸ್ತಿ ಬಲ ಬೇಕು, ಮತ್ತೆ ಬೇಡ ಅನ್ಸಿದ್ರೆ ಅಷ್ಟು ತುದಿ ಸವೆಸಬೇಕು, ಅದಕ್ಕೆ ಇನ್ನೊಂದು ಬ್ಲೇಡಿಗೆ ಮಾಡೋದು ಒಳ್ಳೇದು.

ಇಳಿಜಾರು ಮೇಲ್ಗಡೆ ಬರೋ ಲೋ ಆ್ಯಂಗಲ್ ಹತ್ರಿಲಿ ಲೆಕ್ಕ ಬೇರೆ. ಅಲ್ಲಿ ಬ್ಲೇಡು ಸಾಮಾನ್ಯವಾಗಿ 12 ಡಿಗ್ರಿಗೆ ಮಲಗಿರತ್ತೆ, ನೀವು ಮಸೆದ ಕೋನ ಅದಕ್ಕೆ ಕೂಡ್ಕೊಳತ್ತೆ. 25ಕ್ಕೆ ಮಸೆದ್ರೆ 37, 38ಕ್ಕೆ ಮಸೆದ್ರೆ 50. ಹಲಸಿಗೆ 38 ಹಿಡೀರಿ, ಹಲಗೆಯ ಕೊನೆ ಅಡ್ಡಕ್ಕೆ ಹೊಡಿಯೋಕೆ 25.