ಲಾಗಿನ್ ಆಯಿತು, ಇಮೇಲ್ ಮಾತ್ರ ಬರಲಿಲ್ಲ

ಎಚ್‌ಎಸ್‌ಆರ್ ಲೇಔಟ್ ಅಥವಾ ಕೋರಮಂಗಲದ ಯಾವುದಾದರೂ ಸಣ್ಣ ಸಾಫ್ಟ್‌ವೇರ್ ಕಚೇರಿಯಲ್ಲಿ ‘ಗೂಗಲ್ ಮೂಲಕ ಲಾಗಿನ್’ ಅಥವಾ ‘ಫೇಸ್‌ಬುಕ್ ಮೂಲಕ ಲಾಗಿನ್’ ಎಂಬ ಬಟನ್ ಕೂರಿಸುವುದು ಈಗ ದೊಡ್ಡ ಕೆಲಸವೇನಲ್ಲ. ತಲೆನೋವು ಶುರುವಾಗುವುದು ಅದರ ನಂತರ. ಲಾಗಿನ್ ಸರಿಯಾಗಿಯೇ ಆಗಿರುತ್ತದೆ, ಆದರೆ ಬಳಕೆದಾರರ ಇಮೇಲ್ ಜಾಗ ಖಾಲಿ, ಹೆಸರು ಅರ್ಧ, ಹುಟ್ಟಿದ ದಿನಾಂಕದ ಸುಳಿವೇ ಇಲ್ಲ. ಇಂಥ ಸಂದರ್ಭದಲ್ಲಿ ಕೋಡ್‌ನಲ್ಲಿ ತಪ್ಪು ಹುಡುಕಿದರೆ ಅನೇಕ ಸಲ ಏನೂ ಸಿಗುವುದಿಲ್ಲ. ಆ ಜಾಗ ಖಾಲಿ ಇರಬೇಕೆಂದು ಲಾಗಿನ್ ಒದಗಿಸುವ ಕಂಪನಿ ಮೊದಲೇ ತೀರ್ಮಾನಿಸಿರುತ್ತದೆ.

2000ದ ದಶಕದ ನಡುವಿನಲ್ಲಿ ಸ್ಥಿತಿ ಪೂರ್ತಿ ಉಲ್ಟಾ ಇತ್ತು. ‘ನಿಮ್ಮ ಗೆಳೆಯರನ್ನು ಹುಡುಕಿಕೊಡುತ್ತೇವೆ’ ಎನ್ನುತ್ತಿದ್ದ ತಾಣಗಳು ನಿಮ್ಮ ಇಮೇಲ್ ಪಾಸ್‌ವರ್ಡನ್ನೇ ಕೇಳುತ್ತಿದ್ದವು, ಜನ ಕೊಡುತ್ತಲೂ ಇದ್ದರು. ಬೀಗದ ಕೈಯನ್ನೇ ಅಪರಿಚಿತರಿಗೆ ಕೊಟ್ಟಂತಿದ್ದ ಈ ಪದ್ಧತಿಗೆ ಪರ್ಯಾಯವಾಗಿ, 2006ರ ಕೊನೆಯಲ್ಲಿ ಟ್ವಿಟರ್‌ನಲ್ಲಿದ್ದ ಬ್ಲೇನ್ ಕುಕ್ ಮತ್ತು ಇತರರು ನಡೆಸಿದ ಚರ್ಚೆಯಿಂದ, ಪಾಸ್‌ವರ್ಡ್ ಕೊಡದೆಯೇ ಅನುಮತಿ ಕೊಡುವ ‘ಓಆಥ್’ ಎಂಬ ಮಾನದಂಡ ಹುಟ್ಟಿತು. ಅದರ ಮೊದಲ ಆವೃತ್ತಿ 2007ರಲ್ಲಿ ಬಂತು, ಇಂದಿಗೂ ಬಳಕೆಯಲ್ಲಿರುವ 2.0 ಆವೃತ್ತಿ 2012ರ ಅಕ್ಟೋಬರ್‌ನಲ್ಲಿ ಪ್ರಕಟವಾಯಿತು. ಆದರೆ ಓಆಥ್ ಹೇಳುವುದು ‘ಈ ಅಪ್ಲಿಕೇಶನ್‌ಗೆ ಇಷ್ಟು ಅನುಮತಿ ಇದೆ’ ಎಂದಷ್ಟೇ; ಬಂದಿರುವವರು ಯಾರು ಎಂಬುದು ಅದರ ವ್ಯಾಪ್ತಿಗೆ ಸೇರಿರಲಿಲ್ಲ. ಆದರೂ ಎಲ್ಲರೂ ಅದನ್ನು ಲಾಗಿನ್‌ಗೆ ಬಳಸತೊಡಗಿದರು. ಪ್ರತಿ ಕಂಪನಿಯೂ ಪ್ರೊಫೈಲ್ ವಿವರಗಳಿಗೆ ತನ್ನದೇ ವಿಳಾಸ, ತನ್ನದೇ ಫೀಲ್ಡ್ ಹೆಸರು ಇಟ್ಟುಕೊಂಡಿತು. ಈ ಗೊಂದಲಕ್ಕೆ ಒಂದು ಶಿಸ್ತು ಬಂದದ್ದು 2014ರ ಫೆಬ್ರುವರಿಯಲ್ಲಿ, ‘ಓಪನ್‌ಐಡಿ ಕನೆಕ್ಟ್’ ಎಂಬ ಮಾನದಂಡದಿಂದ. ಅದರ ಪ್ರಕಾರ ‘ಪ್ರೊಫೈಲ್’, ‘ಇಮೇಲ್’ ಎಂಬ ಸ್ಕೋಪ್‌ಗಳನ್ನು, ಅಂದರೆ ಅನುಮತಿಯ ವಿಭಾಗಗಳನ್ನು, ಅಪ್ಲಿಕೇಶನ್ ಮೊದಲೇ ಹೆಸರಿಸಿ ಕೇಳಬೇಕು. ಕೇಳದಿದ್ದರೆ ಸಾಮಾನ್ಯವಾಗಿ ‘ಸಬ್’ ಎಂಬ ಗುರುತಿನ ಸಂಕೇತಕ್ಕಿಂತ ಹೆಚ್ಚೇನೂ ಬರುವುದಿಲ್ಲ.

ಅತಿ ಧಾರಾಳವಾಗಿದ್ದುದು ಫೇಸ್‌ಬುಕ್. 2010ರಲ್ಲಿ ಬಂದ ಅದರ ಗ್ರಾಫ್ ಎಪಿಐ (ಬೇರೆ ಅಪ್ಲಿಕೇಶನ್‌ಗಳು ಫೇಸ್‌ಬುಕ್‌ನಿಂದ ಮಾಹಿತಿ ಪಡೆಯುವ ದಾರಿ), ಲಾಗಿನ್ ಆದವರದ್ದಷ್ಟೇ ಅಲ್ಲ, ಅವರ ಗೆಳೆಯರ ವಿವರಗಳನ್ನೂ ಕೊಡುತ್ತಿತ್ತು, ಅದೂ ಆ ಗೆಳೆಯರನ್ನು ನೇರವಾಗಿ ಕೇಳದೆ. 2014ರ ಏಪ್ರಿಲ್ 30ರಂದು ಘೋಷಿಸಿದ 2.0 ಆವೃತ್ತಿಯಲ್ಲಿ ಈ ಬಾಗಿಲು ಮುಚ್ಚಿತು, ಹಳೆಯ ಆವೃತ್ತಿಗೆ ಮಾತ್ರ ಇನ್ನೊಂದು ವರ್ಷ ಅವಕಾಶ ಉಳಿಯಿತು. 2015ರ ಜುಲೈನಲ್ಲಿ ಬಂದ 2.4 ಆವೃತ್ತಿ ಮತ್ತಷ್ಟು ಬಿಗಿಯಾಯಿತು: ಬೇಕಾದ ಫೀಲ್ಡ್‌ಗಳನ್ನು ಒಂದೊಂದಾಗಿ ಹೆಸರಿಸದಿದ್ದರೆ ಹೆಸರು ಮತ್ತು ಐಡಿ ಮಾತ್ರ. ನಿನ್ನೆಯವರೆಗೆ ಬರುತ್ತಿದ್ದ ಇಮೇಲ್ ಇವತ್ತು ಯಾಕೆ ಬರುತ್ತಿಲ್ಲ ಎಂಬ ಪ್ರಶ್ನೆ ಹುಟ್ಟಿಕೊಂಡದ್ದು ಹೀಗೆ. ರಾಜಕೀಯ ಸಲಹಾ ಸಂಸ್ಥೆ ಕೇಂಬ್ರಿಡ್ಜ್ ಅನಲಿಟಿಕಾದ ಹಗರಣ 2018ರ ಮಾರ್ಚ್‌ನಲ್ಲಿ ಬಯಲಾದಾಗ ಹಳೆಯ ಧಾರಾಳತನದ ಬೆಲೆ ಗೊತ್ತಾಯಿತು. ಫೇಸ್‌ಬುಕ್‌ನದೇ ಅಂದಾಜಿನಂತೆ 8.7 ಕೋಟಿ ಜನರ ಮಾಹಿತಿ ಅನುಚಿತವಾಗಿ ಹಂಚಿಕೆಯಾಗಿರಬಹುದು, ಅವರಲ್ಲಿ ಭಾರತೀಯರು ಸುಮಾರು 5.6 ಲಕ್ಷ. 2019ರಲ್ಲಿ ಗೂಗಲ್‌ನ ಸಾಮಾಜಿಕ ಜಾಲತಾಣ ಗೂಗಲ್ ಪ್ಲಸ್ ಮುಚ್ಚಿದಾಗ ಅದರ ಎಪಿಐ ನಂಬಿಕೊಂಡಿದ್ದ ಕೋಡ್ ಕೂಡ ನಿಂತುಹೋಯಿತು.

ಅದೇ ವರ್ಷ ಬಂದ ಆಪಲ್‌ನ ಲಾಗಿನ್ ಇನ್ನೂ ಜಿಪುಣ. ಬಳಕೆದಾರರ ಹೆಸರನ್ನು ಅದು ಮೊದಲ ಸಲದ ಒಪ್ಪಿಗೆಯ ಹೊತ್ತಿನಲ್ಲಿ ಮಾತ್ರ ಕೊಡುತ್ತದೆ. ಆಗಲೇ ಉಳಿಸಿಕೊಳ್ಳದಿದ್ದರೆ ಎರಡನೆಯ ಲಾಗಿನ್‌ನಲ್ಲಿ ಸಿಗುವುದಿಲ್ಲ. ನಿಜವಾದ ಇಮೇಲ್‌ಗೆ ಬದಲಾಗಿ, ಆಪಲ್ ಮೂಲಕವೇ ಸಾಗುವ ಬದಲಿ ವಿಳಾಸವನ್ನು ಕೊಡುವ ಆಯ್ಕೆಯೂ ಬಳಕೆದಾರರಿಗಿದೆ. ಇದು ಖಾಸಗಿತನಕ್ಕೆ ಒಳ್ಳೆಯದೇ, ಆದರೆ ಗ್ರಾಹಕ ಮತ್ತು ಸಣ್ಣ ಅಂಗಡಿಯ ನಡುವೆ ದೊಡ್ಡ ಕಂಪನಿಯೊಂದು ಕಾಯಂ ಆಗಿ ಕೂರುವುದನ್ನು ಕಾಣದಂತೆ ಇರಲಾಗದು.

ನಮ್ಮೂರಿನ ತೊಡಕುಗಳು ಬೇರೆಯೇ. ಫೋನ್ ನಂಬರ್‌ನಿಂದಲೇ ಫೇಸ್‌ಬುಕ್ ಖಾತೆ ತೆರೆದವರ ಇಮೇಲ್, ಎಷ್ಟು ಅನುಮತಿ ಕೇಳಿದರೂ, ಬರುವುದಿಲ್ಲ, ಏಕೆಂದರೆ ಅಲ್ಲಿ ಅದು ಇಲ್ಲವೇ ಇಲ್ಲ. ಇನ್ನು ‘ಕೊಟ್ಟ ಹೆಸರು’, ‘ಕುಟುಂಬದ ಹೆಸರು’ ಎಂಬ ವಿಂಗಡಣೆ ಇನಿಷಿಯಲ್ ಇಟ್ಟುಕೊಳ್ಳುವ ಹಳೆ ಮೈಸೂರು ಸೀಮೆಯವರಿಗೆ ಒಗ್ಗುವುದೇ ಇಲ್ಲ. ‘ಮಂಜುನಾಥ ಎಚ್. ಎಸ್.’ ಎಂದು ಖಾತೆ ತೆರೆದವರಿಗೆ ‘ಪ್ರಿಯ ಶ್ರೀ ಎಚ್ ಎಸ್’ ಎಂದು ಪತ್ರ ಹೋಗುತ್ತದೆ; ಕೆಲವು ಫಾರ್ಮ್‌ಗಳಂತೂ ಒಂದೇ ಅಕ್ಷರದ ಸರ್‌ನೇಮ್ ಕಂಡರೆ ನೋಂದಣಿಯನ್ನೇ ತಿರಸ್ಕರಿಸುತ್ತವೆ. ಇಮೇಲ್ ಬದಲಾಗಬಹುದು, ಹೆಸರು ತಿದ್ದಲ್ಪಡಬಹುದು. ಆದ್ದರಿಂದ ಡೇಟಾಬೇಸ್‌ನಲ್ಲಿ ಬಳಕೆದಾರರನ್ನು ಗುರುತಿಸಲು ‘ಸಬ್’ ಸಂಕೇತವನ್ನೇ ಬಳಸಿ ಎಂದು ಗೂಗಲ್ ತನ್ನ ದಾಖಲೆಗಳಲ್ಲಿ ಹೇಳುತ್ತದೆ.

ಕಾನೂನೂ ಈಗ ಇದೇ ದಿಕ್ಕಿನಲ್ಲಿದೆ. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ, ಬೆಂಗಳೂರಿನ ಕೆ. ಎಸ್. ಪುಟ್ಟಸ್ವಾಮಿ ಅವರು 2012ರಲ್ಲಿ ಆಧಾರ್ ಕುರಿತು ಹೂಡಿದ ಮೊಕದ್ದಮೆಯಲ್ಲೇ ಸುಪ್ರೀಂ ಕೋರ್ಟ್ 2017ರ ಆಗಸ್ಟ್ 24ರಂದು ಖಾಸಗಿತನವನ್ನು ಮೂಲಭೂತ ಹಕ್ಕೆಂದು ಸಾರಿತು. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ ಪ್ರಕಾರ, ಹೇಳಿದ ಉದ್ದೇಶಕ್ಕೆ ಅಗತ್ಯವಿರುವಷ್ಟು ಮಾಹಿತಿಗೆ ಮಾತ್ರ ಒಪ್ಪಿಗೆ ಅನ್ವಯಿಸುತ್ತದೆ. ಲಾಗಿನ್ ಕಂಪನಿ ಕೊಡದ ವಿವರಗಳಿಗಾಗಿ, ಮೊದಲ ಲಾಗಿನ್ ಆದ ಕೂಡಲೇ ‘ನಿಮ್ಮ ವಿವರ ಪೂರ್ಣಗೊಳಿಸಿ’ ಎಂಬ ಪುಟವೊಂದನ್ನು ಈಗ ಅನೇಕ ಅಪ್ಲಿಕೇಶನ್‌ಗಳು ಸೇರಿಸಿಕೊಂಡಿವೆ. ಯಾವ ಫಾರ್ಮ್ ತುಂಬುವ ಕಷ್ಟ ತಪ್ಪಿಸಲೆಂದು ಆ ಬಟನ್ ಬಂದಿತ್ತೋ, ಅದೇ ಫಾರ್ಮ್, ಸ್ವಲ್ಪ ಚಿಕ್ಕದಾಗಿ.